ಓಬೆದ್ ಗುರುಗಳ ಉದಾಹರಣೆ ವಾಕ್ಯ

ಬುಂಟು ಲಾಲನ್ ಹಳ್ಳಿಯಲ್ಲಿ ಇಂಗ್ಲಿಷ್ ಬಲ್ಲವರು ಇಬ್ಬರಿದ್ದರು. ಒಬ್ಬರು ಓಬೆದ್ ಗುರುಗಳು. ಇನ್ನೊಬ್ಬರು ಯಾರೆಂದು ಕೇಳಿದರೆ ಗುರುಗಳು ಕನ್ನಡಕ ಒರೆಸಿಕೊಂಡು, "ಇದ್ದಾರೆ, ಆದ್ರೆ ನನ್ನಷ್ಟು ಇಲ್ಲ" ಎನ್ನುತ್ತಿದ್ದರು. ಆ ಇನ್ನೊಬ್ಬರನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಹೋಲಿಸಿಕೊಳ್ಳಲು ಒಬ್ಬರಾದರೂ ಬೇಕಲ್ಲ. ಹೋಲಿಕೆ ಇಲ್ಲದೆ ಗುರುಗಳಿಗೆ ಅನ್ನ ಸೇರುತ್ತಿರಲಿಲ್ಲ.

ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಅದೇ ಕೋಣೆಯಲ್ಲಿ ದೊಡ್ಡವರಿಗೆ. ನಮ್ಮ ತೊರಾಜ ಬೆಟ್ಟಗಳಿಗೆ ಬಿಳಿಯರು ಬಸ್ಸು ತುಂಬಿಕೊಂಡು ಬರತೊಡಗಿದ್ದ ಕಾಲ ಅದು. ಅವರಿಗೆ ನಮ್ಮ ಸಾವುಗಳನ್ನು ನೋಡುವ ಆಸೆ, ನಮ್ಮವರಿಗೆ ತೋರಿಸುವ ಆಸೆ. ನಡುವೆ ಇಂಗ್ಲಿಷ್ ಒಂದಕ್ಕೆ ಕೊರತೆ. ಹಾಗಾಗಿ ಗದ್ದೆ ಕೆಲಸ ಮುಗಿಸಿದ ಗಂಡಸರು ಕಾಲು ತೊಳೆದುಕೊಂಡು ಬಂದು, ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಚಿ ಕೂತು, ಗೈಡ್ ಆಗುವುದನ್ನು ಕಲಿಯುತ್ತಿದ್ದರು.

ಆ ಶನಿವಾರ ಗುರುಗಳು ತಮ್ಮ ಪ್ರಾಣದಂಥ ಪಾಠಕ್ಕೆ ಬಂದಿದ್ದರು. ಬೋರ್ಡಿನ ಮೇಲೆ ಮೂರು ಮೆಟ್ಟಿಲು ಬರೆದರು.

"ಕೆಳಗಿನ ಮೆಟ್ಟಿಲು ಬಿಗ್. ನಡುವಿನದು ಬಿಗರ್. ಮೇಲಿನದು ಬಿಗ್ಗೆಸ್ಟ್. ಅದರ ಮೇಲೆ ಹತ್ತೋಕೆ ಇಂಗ್ಲಿಷರಿಗೂ ಮೆಟ್ಟಿಲಿಲ್ಲ. ಚಿಕ್ಕ ಮಾತಾದ್ರೆ ಹಿಂದೆ ಬಾಲ ಅಂಟಿಸಿ: ಟಾಲ್, ಟಾಲರ್, ಟಾಲೆಸ್ಟ್. ಉದ್ದ ಮಾತನ್ನ ಬಾಲ ಹಿಡಿದು ಎಳೆಯೋಕಾಗಲ್ಲ. ಮುಂದಿಂದ ಮೂಗುದಾರ ಹಾಕ್ಬೇಕು: ಬ್ಯೂಟಿಫುಲ್, ಮೋರ್ ಬ್ಯೂಟಿಫುಲ್, ಮೋಸ್ಟ್ ಬ್ಯೂಟಿಫುಲ್. ಹೇಗೆ ನಡೀತಾನೆ ಅನ್ನೋ ಮಾತಿಗೂ ಅಷ್ಟೆ. ಸ್ಲೋಲಿಗೆ ಮೂಗುದಾರ, ಮೋರ್ ಸ್ಲೋಲಿ. ಫಾಸ್ಟ್ ಬಾಲದ ಜಾತಿ, ಫಾಸ್ಟರ್."

"ಗುಡ್‌ಗೆ ಗುಡ್ಡರ್ರಾ ಗುರುಗಳೇ?" ಎಂದು ಹಿಂದಿನ ಬೆಂಚಿನಿಂದ ಟೋಡಿಂಗ್ ಕೇಳಿದ. ಟೋಡಿಂಗ್ ಊರಿನ ಸಾವಿನ ಕಾರ್ಯಗಳಲ್ಲಿ ಕೋಣ ಕಡಿಯುವವನು. ಅವನ ಕತ್ತಿ ಒಂದೇ ಏಟಿಗೆ ಕೆಲಸ ಮುಗಿಸುತ್ತದೆಂದು ಕಣಿವೆಯಾಚೆಯವರೂ ಅವನನ್ನು ಕರೆಸಿಕೊಳ್ಳುತ್ತಿದ್ದರು. ಇಂಗ್ಲಿಷ್ ಮಾತ್ರ ಎಷ್ಟು ಏಟು ಹಾಕಿದರೂ ಬೀಳುತ್ತಿರಲಿಲ್ಲ.

"ಬೆಟರ್. ಆಮೇಲೆ ಬೆಸ್ಟ್. ಆ ಮನೆತನವೇ ಬೇರೆ. ಯಾಕೆ ಅಂತ ಕೇಳ್ಬೇಡ, ಬಾಯಿಪಾಠ ಮಾಡು."

ಟೋಡಿಂಗ್ ತಲೆ ಕೆರೆದುಕೊಂಡು ತನ್ನ ಕಸುಬಿನ ಮಾತನ್ನೇ ಎತ್ತಿಕೊಂಡ. "ದ ಬಫೆಲೋ ಈಸ್ ಡೆಡ್. ಮೈ ಬಫೆಲೋ ಈಸ್ ಡೆಡ್ಡರ್."

"ಡೆಡ್‌ಗೆ ಮೆಟ್ಟಿಲಿಲ್ಲ ಕಣಯ್ಯಾ! ಸತ್ತೋನು ಸತ್ತ, ಮುಗೀತು. ಅವನಿಗಿಂತ ಜಾಸ್ತಿ ಸತ್ತ, ಎಲ್ಲರಿಗಿಂತ ಜಾಸ್ತಿ ಸತ್ತ ಅಂತ ಇರುತ್ತಾ?"

"ಇಲ್ಲದೆ ಏನು ಗುರುಗಳೇ? ನಿಮ್ಮಪ್ಪಾರೂ ಸತ್ತಿದ್ದಾರೆ, ಕಾರ್ಯ ಮುಗಿಸ್ಕೊಂಡ ರಾಪಾ ಅಜ್ಜಾನೂ ಸತ್ತಿದ್ದಾರೆ. ಇಬ್ಬರೂ ಒಂದೇ ಥರ ಸತ್ತಿದ್ದಾರಾ?"

ಇಡೀ ಕೋಣೆ ನೆಲ ನೋಡತೊಡಗಿತು. ಯಾಕೆಂದರೆ ಗುರುಗಳ ತಂದೆ ಮಸ್ಸೋರಜ್ಜ ಸತ್ತಿರಲಿಲ್ಲ. ಕಾಯಿಲೆಯಲ್ಲಿದ್ದರು. ಉಸಿರು ನಿಂತು ವರ್ಷ ದಾಟಿತ್ತು, ಅದು ಬೇರೆ ವಿಷಯ. ನಮ್ಮಲ್ಲಿ ಕಾರ್ಯ ಶುರುವಾಗಿ ಮೊದಲ ಕೋಣ ನೆಲಕ್ಕೆ ಬಿದ್ದು, ಮಲಗಿದವನ ತಲೆಯನ್ನು ದಕ್ಷಿಣಕ್ಕೆ ತಿರುಗಿಸುವ ತನಕ ಮನುಷ್ಯ ಕಾಯಿಲೆಯವನೇ. ಮೈ ಕೆಡದಂತೆ ಮದ್ದು ಹಾಕಿಸಿಕೊಂಡು, ಮನೆಯ ದಕ್ಷಿಣದ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿರುತ್ತಾನೆ. ಹೊತ್ತು ಹೊತ್ತಿಗೆ ಅವನಿಗೆ ಊಟ, ಕಾಫಿ ಹೋಗುತ್ತದೆ. ಊರಿನ ಸುದ್ದಿ ಹೇಳುತ್ತಾರೆ, ಬೈಯುವುದಿದ್ದರೆ ಬೈಯುತ್ತಾರೆ. ಅಂಥವನನ್ನು ಮಗನ ಮುಂದೆಯೇ ಸತ್ತ ಎನ್ನುವುದೆಂದರೆ ಮಗನ ಮುಖಕ್ಕೆ ಉಗುಳಿದ ಹಾಗೆ.

ಗುರುಗಳು ತಂದೆಯ ಮಾನ ಕಾಯಬೇಕಾಗಿತ್ತು, ಪಾಠವನ್ನೂ ಮುಗಿಸಬೇಕಾಗಿತ್ತು. ಎರಡನ್ನೂ ಒಂದೇ ಸೀಮೆಸುಣ್ಣದಲ್ಲಿ ಮುಗಿಸಿಬಿಟ್ಟರು. ಮೆಟ್ಟಿಲಿಗೊಂದರಂತೆ ದೊಡ್ಡ ಅಕ್ಷರಗಳಲ್ಲಿ ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಎಂದಿನಂತೆ ನಮ್ಮ ಭಾಷೆಯಲ್ಲಿ ಅರ್ಥ. ಡೆಂಗನಜ್ಜನ ಕಾರ್ಯ ದೊಡ್ಡದು. ರಾಪಾ ಅಜ್ಜನ ಕಾರ್ಯ ಅದಕ್ಕಿಂತ ದೊಡ್ಡದು. ನಮ್ಮಪ್ಪನ ಕಾರ್ಯ ಎಲ್ಲಕ್ಕಿಂತ ದೊಡ್ಡದಾಗಲಿದೆ.

"ಓದ್ಕೊಳ್ಳಿ" ಎಂದರು. ಅಷ್ಟರಲ್ಲಿ ಮಳೆ ಜೋರಾಯಿತು, ಎಲ್ಲರೂ ಎದ್ದು ಓಡಿದರು. ಬೋರ್ಡ್ ಒರೆಸುವ ಬಟ್ಟೆ ಕೈಗೆ ಸಿಗಲಿಲ್ಲ, ಗುರುಗಳೂ ಹುಡುಕಲಿಲ್ಲ. ಮುಂದೆ ಆದದ್ದಕ್ಕೆಲ್ಲ ಕಾರಣ ಇಷ್ಟೆ.

ಮನೆಯಲ್ಲಿ ತಾಯಿ ಲೆಬಾಂಗ್ ಗಂಡನ ಕೋಣೆಯಿಂದ ಲೋಟ ಹಿಡಿದುಕೊಂಡು ಹೊರಗೆ ಬರುತ್ತಿದ್ದಳು.

"ಇವತ್ತೂ ಕುಡಿದಿಲ್ಲ ನಿಮ್ಮಪ್ಪ."

"ಸಕ್ಕರೆ ಜಾಸ್ತಿ ಆಯ್ತೇನೋ ಅಮ್ಮ."

"ಬದುಕಿರೋವಾಗ್ಲೂ ಹಿಂಗೇ ಮೊಂಡು" ಎಂದು ಅವಳು ನಾಲಿಗೆ ಕಚ್ಚಿಕೊಂಡು, ಗೋಡೆಯ ಕಡೆ ತಿರುಗಿ, "ಚೆನ್ನಾಗಿದ್ದಾಗ್ಲೂ ಅಂದೆ" ಎಂದು ತಿದ್ದಿ ಹೇಳಿದಳು. ಆಮೇಲೆ ಕೆಮ್ಮು ಬಂತು. ಆ ಕೆಮ್ಮು ಬಂದರೆ ಬೇಗ ಬಿಡುತ್ತಿರಲಿಲ್ಲ. ಆರೋಗ್ಯ ಕೇಂದ್ರದ ನರ್ಸಮ್ಮ ಗುರುಗಳನ್ನು ಪಕ್ಕಕ್ಕೆ ಕರೆದು, ಅಮ್ಮ ಏನು ಇಷ್ಟಪಡ್ತಾರೋ ಅದನ್ನ ಕೊಡಿ, ಪಥ್ಯ ಗಿಥ್ಯ ಬೇಡ ಎಂದಿದ್ದಳು. ಅದರ ಅರ್ಥ ಗುರುಗಳಿಗೂ ಆಗಿತ್ತು.

ಲೆಬಾಂಗ್ ಇಷ್ಟಪಟ್ಟದ್ದು ಒಂದೇ, ಗಂಡನನ್ನು ಕಳಿಸಿ ತಾನು ಹೋಗಬೇಕು ಎಂಬುದು. ಮೂರು ರಾತ್ರಿಯ ಚಿಕ್ಕ ಕಾರ್ಯ, ತಾನೇ ಕೈಯಾರೆ ಸಾಕಿದ ಕೋಣಗಳು, ಹಂದಿಗಳು, ಮುಗಿಯಿತು. ಮೈದುನ ಬಾರಾ ಗೊಣಗಿದರೂ ಬಂಧುಗಳೆಲ್ಲ ಕೂತು ಬರುವ ತಿಂಗಳಿಗೆ ಒಪ್ಪಿದ್ದರು.

"ನಾನು ಮೊದಲು ಬಿದ್ದೆ ಅಂದ್ರೆ ಇಬ್ಬರನ್ನೂ ಪಕ್ಕ ಪಕ್ಕ ಮಲಗಿಸಿ ಕಾಯ್ತೀರ. ಆಮೇಲೆ ಇವರಿಗೆ ಕಾಫಿ ಯಾರು ಕೊಡ್ತಾರೆ? ನೀನು ಮದುವೆನೂ ಆಗ್ಲಿಲ್ಲ. ನೀನು ಮಾಡೋ ಕಾಫೀನ ಆರೋಗ್ಯವಾಗಿರೋರೇ ಕುಡಿಯಲ್ಲ" ಎಂದಳು.

ಮರುದಿನ ಭಾನುವಾರ. ಚರ್ಚಿನ ಚಾವಣಿ ಸೋರುತ್ತಿದ್ದುದರಿಂದ ಆರಾಧನೆ ಶಾಲೆಯ ಕೋಣೆಯಲ್ಲೇ ನಡೆಯುತ್ತಿತ್ತು. ಆ ಬೋರ್ಡಿನ ಮೇಲೆ ಭಾನುವಾರ ಏನಿರುತ್ತದೋ ಅದು ಸಭೆಯ ಪ್ರಕಟಣೆ. ಯಾರ ಮದುವೆ, ಯಾರ ಕಾರ್ಯ, ಯಾರ ಮನೆಯಲ್ಲಿ ಪ್ರಾರ್ಥನೆ ಎಂದು ಆಯಾ ಮನೆಯವರೇ ಬಂದು ಬರೆದು ಹೋಗುತ್ತಿದ್ದರು. ಊರಿಗೆ ಊರೇ ಆ ಬೋರ್ಡಿಗೆ ಎದುರಾಗಿ ಕೂತು, ಪಾದ್ರಿಗಳ ದೀರ್ಘ ಪ್ರಸಂಗ ಮುಗಿಯುವ ತನಕ ಗುರುಗಳ ಮೂರು ಮೆಟ್ಟಿಲುಗಳನ್ನು ಓದುತ್ತಲೇ ಇತ್ತು. ಅಕ್ಷರ ಬಾರದವರಿಗೆ ಪಕ್ಕದವರು ಓದಿ ಹೇಳಿದರು.

ಗುರುಗಳು ಹಿಂದಿನ ಬೆಂಚಿನಲ್ಲಿ ಗಾಢ ನಿದ್ದೆಯಲ್ಲಿದ್ದರು. ತಾಯಿಯ ಕೆಮ್ಮಿನಿಂದ ರಾತ್ರಿಯಿಡೀ ಎಚ್ಚರವಾಗಿದ್ದರು, ತಪ್ಪು ತಿಳಿಯಬೇಡಿ.

ಪಾದ್ರಿಗಳು ಕೊನೆಗೆ ಬೋರ್ಡಿನ ಕಡೆ ತಿರುಗಿ, ಓದಿ, ಸ್ವಲ್ಪ ದಂಗಾಗಿ, ಕೈ ಎತ್ತಿದರು. "ಮಸ್ಸೋರ ಕುಟುಂಬದವರು ತಮ್ಮ ಹಿರಿಯರಿಗಾಗಿ ಈ ಕಣಿವೆಯಲ್ಲೇ ಎಲ್ಲಕ್ಕಿಂತ ದೊಡ್ಡ ಕಾರ್ಯ ಮಾಡುವುದಾಗಿ ನಿಮ್ಮೆಲ್ಲರ ಮುಂದೆ ನಿಶ್ಚಯಿಸಿದ್ದಾರೆ. ಕರ್ತನೇ, ಈ ಮಾತನ್ನು ನಡೆಸಿಕೊಡು."

"ಆಮೆನ್" ಎಂದಿತು ಸಭೆ. ಆ ಸದ್ದಿಗೆ ಗುರುಗಳು ಬೆಚ್ಚಿ ಎದ್ದರು. ನಿದ್ದೆ ಮಾಡಿದ್ದು ತಿಳಿಯಬಾರದೆಂದು ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರೂ ಮುಗಿಸಿದ ಮೇಲೆ, ಒಬ್ಬರೇ "ಆಮೆನ್!" ಎಂದರು. ಊರು ತಿರುಗಿ ನೋಡಿ ತಲೆದೂಗಿತು.

ಮನೆಗೆ ಬರುವಷ್ಟರಲ್ಲಿ ಬಾರಾ ಚಿಕ್ಕಪ್ಪ ಕಣಜದ ಕಟ್ಟೆಯ ಮೇಲೆ ಕಾದು ಕೂತಿದ್ದ. ಎದ್ದು ಬಂದವನೇ ತಬ್ಬಿಕೊಂಡು ಅತ್ತುಬಿಟ್ಟ.

"ಲೇ ಓಬೆದ್, ನಿನ್ನ ಹೇಡಿ ಅಂದ್ಕೊಂಡಿದ್ದೆ ಕಣೋ. ನಿನ್ನ ಹಿಂದೆ ಊರೆಲ್ಲಾ ಹಂಗೇ ಹೇಳ್ಕೊಂಡು ಬಂದಿದ್ದೆ. ತಪ್ಪಾಯ್ತು!"

"ಚಿಕ್ಕಪ್ಪ, ಅದು ಬರೀ ಉದಾಹರಣೆ..."

"ಉದಾಹರಣೇನೇ! ಇಡೀ ಕಣಿವೆಗೆ ಉದಾಹರಣೆ! ಮೂರು ರಾತ್ರಿ ಅಂತೆ, ಮೂರು ರಾತ್ರಿ. ನನ್ನಣ್ಣನ್ನ ಕೂಲಿಯೋರ ಥರ ಕಳಿಸೋಕೆ ಹೊರಟಿದ್ರಿ. ಈಗ ಹತ್ತು ಕರಿ ಕೋಣದ ಬೆಲೆ ಬಾಳೋ ಮಚ್ಚೆ ಕೋಣಾನೇ ಬರ್ಬೇಕು. ಪಾಪುವಾದಲ್ಲಿರೋ ನನ್ನ ಮಕ್ಕಳಿಗೆ ಹೇಳಿ ಕಳಿಸಿದ್ದೀನಿ, ಅವರು ಬರ್ಲಿ, ಆಮೇಲೆ ದಿನ ಇಡೋಣ."

"ಅಮ್ಮಂಗೆ ಹುಷಾರಿಲ್ಲ ಚಿಕ್ಕಪ್ಪ."

"ಎಲ್ಲಕ್ಕಿಂತ ದೊಡ್ಡದು ಅಂತ ಕೇಳಿದ ತಕ್ಷಣ ಅತ್ತಿಗೆ ಎದ್ದು ಕೂತ್ಕೋತಾರೆ ನೋಡ್ತಿರು."

ಮಧ್ಯಾಹ್ನಕ್ಕೆ ಸಿಮೊನ್ ರಾಪಾ ಬಂದ. ಮರದ ವ್ಯಾಪಾರಿ, ರಾಪಾ ಅಜ್ಜನ ಹಿರಿಯ ಮಗ. ಹಿಂದೆ ತಮ್ಮಂದಿರ ಸಾಲು. ಯಾರೂ ಎಲೆ ಅಡಿಕೆ ಮುಟ್ಟಲಿಲ್ಲ.

"ಗುರುಗಳೇ, ಒಂದೇ ಮಾತು ಕೇಳೋಕೆ ಬಂದೆ. ನಮ್ಮಪ್ಪನ ಕಾರ್ಯದಲ್ಲಿ ಏನು ಕಡಿಮೆ ಆಗಿತ್ತು?"

"ಏನೂ ಇಲ್ಲಪ್ಪಾ! ಅದು ಬಿಗರ್. ನಡುವಿನ ಮೆಟ್ಟಿಲು."

"ಯಾರಿಗಿಂತ?"

"ಡೆಂಗನಜ್ಜನ ಕಾರ್ಯಕ್ಕಿಂತ."

"ಹಂಗಾದ್ರೆ ನಮ್ಮಪ್ಪನೇ ಕೆಳಗಿನ ಮೆಟ್ಟಿಲು, ಅಲ್ವಾ?" ಎಂದಿತು ಒಂದು ಹೆಣ್ಣು ದನಿ. ಡೆಂಗನಜ್ಜನ ಮಗಳು ಮಾರ್ಥಾ ಯಾವಾಗಲೋ ಬಂದು ಮನೆ ಹತ್ತುವ ಏಣಿಯ ಬುಡದಲ್ಲಿ ಕೂತಿದ್ದಳು.

"ಕೆಳಗಿನದು ಅಂದ್ರೆ ಚಿಕ್ಕದಲ್ಲಮ್ಮ. ಅದೂ ದೊಡ್ಡದೇ. ಬಿಗ್."

"ಹೌದೌದು, ದೊಡ್ಡದೇ. ಅದಕ್ಕೇ ತಾನೇ ಅದರ ಮೇಲೆ ಕಾಲಿಟ್ಟು ಇವರು ಹತ್ತಿದ್ದು, ಇವರ ಮೇಲೆ ಕಾಲಿಟ್ಟು ನೀವು ಹತ್ತಿದ್ದು."

ಗುರುಗಳು ಶಾಲೆಗೆ ಓಡಿದರು, ಉಳಿದವರೆಲ್ಲ ಹಿಂದೆಯೇ ಬಂದರು. ವ್ಯಾಕರಣದಿಂದ ಆದ ಗಾಯಕ್ಕೆ ವ್ಯಾಕರಣದಲ್ಲೇ ಔಷಧಿ ಇದೆಯೆಂದು ಅವರ ನಂಬಿಕೆ. ಕೊನೆಯ ಸಾಲನ್ನು ಅಂಗೈಯಿಂದ ಒರೆಸಿ, 'ನಾಟ್ ಆಸ್ ಬಿಗ್ ಆಸ್' ಎಂದು ತಿದ್ದಿದರು. ನಮ್ಮಪ್ಪನ ಕಾರ್ಯ ರಾಪಾ ಅಜ್ಜನ ಕಾರ್ಯದಷ್ಟು ದೊಡ್ಡದಲ್ಲ. ಸಿಮೊನ್ ಸಮಾಧಾನದಿಂದ ಅಡಿಕೆ ಬಾಯಿಗೆ ಹಾಕಿಕೊಂಡ. ಬಾರಾ ಚಿಕ್ಕಪ್ಪ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡ. ದೇವರ ಮುಂದೆ ಆಮೆನ್ ಅಂದ ಬಾಯಲ್ಲಿ ಈಗ ಅಣ್ಣ ಕಡಿಮೆ ಅಂತೀಯಾ ಎಂದು ಕೂಗಾಡಿದ. ಗುರುಗಳು ಅವಸರದಿಂದ 'ನಾಟ್' ಅಳಿಸಿದರು. ಈಗ ಇಬ್ಬರದೂ ಸಮ ಎಂದಾಯಿತು, ಡೆಂಗನಜ್ಜ ಕೆಳಗೇ ಉಳಿದರು. ಸಮ ಎಂದ ತಕ್ಷಣ ಮೂರೂ ಮನೆಯವರು ಹುಟ್ಟಿದಾರಭ್ಯ ಮೊದಲ ಸಲ ಒಂದಾಗಿ, ಒಂದೇ ಬಾಯಲ್ಲಿ ಗುರುಗಳನ್ನು ಬೈದರು.

ವಾರ ಕಳೆಯುವುದರೊಳಗೆ ರಾಂತೆಪಾವ್ ಪಟ್ಟಣದಿಂದ ಹೆನ್ರಿಕ್ ಎಂಬ ಪ್ರವಾಸೋದ್ಯಮ ಕಚೇರಿಯ ಅಧಿಕಾರಿ ಮೋಟಾರ್ ಸೈಕಲ್ ಹತ್ತಿ ಬಂದ. ಹೆಲ್ಮೆಟ್ ತೆಗೆಯುವ ಮೊದಲೇ ಮಾತು ಶುರು. ಪಟ್ಟಣದವರ ಬಾಯಲ್ಲಿ 'ಪಾಕ್' ಎಂದರೆ ಅಯ್ಯ ಎಂದ ಹಾಗೆ.

"ಪಾಕ್ ಗುರು! ಇಂಥಾ ಸುದ್ದೀನ ನಮಗೆ ಹೇಳೋದಲ್ವಾ? ನೋಡಿ, ಬಿಳಿಯರ ಸ್ವಭಾವ ನಂಗೊತ್ತು. ಬಿಗ್ ಅಂದ್ರೆ ಬರಲ್ಲ. ಬಿಗರ್ ಅಂದ್ರೆ ಯೋಚಿಸ್ತಾರೆ. ಬಿಗ್ಗೆಸ್ಟ್ ಅಂದ್ರೆ ಟಿಕೆಟ್ ತಗೋತಾರೆ. ಕ್ಯಾಲೆಂಡರಿಗೆ ಹಾಕಿಬಿಟ್ಟಿದ್ದೀನಿ."

"ಯಾವ ತಿಂಗಳಿಗೆ?"

"ಬರೋ ವರ್ಷ ಜುಲೈಗೆ. ಈಗ ಮಳೆ, ಬರೀ ಕೆಸರು. ಕೆಸರಲ್ಲಿ ಫೋಟೋ ಏನು ಚೆಂದ?"

ಬಂಧುಗಳು ಮತ್ತೆ ಕೂತರು. ಗುರುಗಳೂ ಕೂತಿದ್ದರು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದರು. ಒಮ್ಮೆ ಬಾಯಿ ತೆರೆದರು ಕೂಡ. ಯಾರೋ ಅತ್ತೆ ಅದರೊಳಗೆ ಬಿಸ್ಕತ್ತು ಇಟ್ಟಳು. ಅವರು ಅದನ್ನು ನುಂಗುವುದರೊಳಗೆ ಕಾರ್ಯ ಬರುವ ವರ್ಷದ ಜುಲೈಗೆ ಹೋಯಿತು.

ಲೆಬಾಂಗ್‌ಗೆ ಯಾರೂ ಹೇಳಬೇಕಾಗಿರಲಿಲ್ಲ, ನಡುವೆ ಇದ್ದದ್ದು ಬಿದಿರಿನ ಗೋಡೆ. ಅವಳು ಕಾಫಿ ಹಿಡಿದು ಗಂಡನ ಕೋಣೆಗೆ ಹೋದಳು. ಗುರುಗಳು ಹೊರಗೆ ನಿಂತು ಕೇಳಿದರು.

"ಕೇಳಿಸ್ಕೊಂಡ್ರಾ? ನಿಮ್ಮನ್ನ ಬರೋ ವರ್ಷ ಕಳಿಸ್ತಾರಂತೆ. ಬಿಸಿಲಿರಬೇಕಂತೆ. ನೀವಂತೂ ಆರಾಮಾಗಿ ಮಲ್ಕೊಂಡಿದ್ದೀರ. ನಂಗೆ ಅಲ್ಲೀತನಕ ಆಗಲ್ಲ ಕಣ್ರೀ."

ಅಂದಿನಿಂದ ಅವಳು ಏಣಿ ಇಳಿಯುವುದನ್ನು ಬಿಟ್ಟಳು. ಅನ್ನ ಕಡಿಮೆಯಾಯಿತು, ಎಲೆ ಅಡಿಕೆಯೂ ರುಚಿಸಲಿಲ್ಲ. ನರ್ಸಮ್ಮ ಬಂದು ನಾಡಿ ಹಿಡಿದು ನೋಡಿ, ಹೊರಗೆ ಬಂದು, "ಗುರುಗಳೇ, ಜುಲೈ ಗಿಲೈ ಎಲ್ಲ ಮರೆತುಬಿಡಿ. ಈ ತಿಂಗಳು ಕಳೆದ್ರೆ ದೊಡ್ಡದು" ಎಂದು ಹೇಳಿ ಕೊಡೆ ಬಿಚ್ಚಿಕೊಂಡು ಹೊರಟುಹೋದಳು.

ಗುರುಗಳು ತಾಯಿಯ ಹತ್ತಿರ ಕೂತರು. ಮಳೆ ಚಾವಣಿಯ ಮೇಲೆ ಬೀಳುತ್ತಿತ್ತು.

"ನಂಗೆ ಭಯ ಆಗ್ತಿದೆ ಕಣೋ ಓಬೆದ್" ಎಂದಳು ಲೆಬಾಂಗ್.

"ಹಂಗೆಲ್ಲಾ ಯಾಕೆ ಯೋಚಿಸ್ತೀಯ ಅಮ್ಮ? ಸಾವು ಎಲ್ಲರಿಗೂ..."

"ಥೂ, ಸಾವಿಗೆ ಯಾರು ಹೆದರ್ತಾರೆ? ಆ ಮನುಷ್ಯನ ಜೊತೆ ನಲವತ್ತು ವರ್ಷ ಬಾಳಿದೀನಿ. ಅವರು ಹೀಗೆ ಮಲಗಿದ ಮೇಲೆ ಒಂದು ದಿನ ಬಾಯಿಬಿಟ್ಟು ಅಳೋಕಾಗಿಲ್ಲ. ಕಾಯಿಲೆಯವರ ಮುಂದೆ ಹೆಂಡತಿ ಗೋಳಾಡಬಾರದು ಅಂತ ಗಂಟಲಲ್ಲೇ ಇಟ್ಕೊಂಡು ಕಾಫಿ ಕಾಯಿಸ್ತಾ ಕೂತಿದ್ದೀನಿ. ಅಳದೇ ಹೋಗಿಬಿಡ್ತೀನೇನೋ ಅಂತ ಭಯ. ಅಷ್ಟೆ."

ಇಷ್ಟು ವರ್ಷ ಮಾತನ್ನೇ ಕಲಿಸಿದ ಗುರುಗಳು ಮುಖ ಮುಚ್ಚಿಕೊಂಡು ಅತ್ತರು. ತಾಯಿಗೆ ಮಾತ್ರ ಅದೂ ಸಾಧ್ಯವಿರಲಿಲ್ಲ.

ಬೆಳಗಿನ ಜಾವ ಕೋಳಿ ಕೂಗುತ್ತಿದ್ದಂತೆ ಟೋಡಿಂಗ್‌ನ ಮನೆ ಬಾಗಿಲು ತಟ್ಟಿದರು.

"ಏನ್ ಗುರುಗಳೇ, ಇಷ್ಟೊತ್ತಿಗೆ ಪಾಠಾನಾ?"

"ಕತ್ತಿ ತಗೊಂಡು ಬಾ. ಅಪ್ಪನ ಕಾರ್ಯ ಇವತ್ತು."

ಟೋಡಿಂಗ್ ಅವರ ಮೂಗಿನ ಹತ್ತಿರ ಬಂದು ಮೂಸಿ ನೋಡಿದ. ಹೆಂಡದ ವಾಸನೆ ಇರಲಿಲ್ಲ. "ಬಾರಾ ಚಿಕ್ಕಪ್ಪನ್ನ ಕೇಳಿದ್ರಾ?"

"ಇಲ್ಲ."

"ಪಾದ್ರಿಗಳನ್ನ?"

"ಇಲ್ಲ."

"ಮತ್ತೆ ಯಾರನ್ನ ಕೇಳಿದ್ರಿ?"

"ಯಾರನ್ನೂ ಇಲ್ಲ. ಕೋಣ ಕೆಳಗೆ ಬಿದ್ರೆ ಶುರುವಾದ ಹಾಗೆ. ಶುರುವಾದದ್ದನ್ನ ನಿಲ್ಲಿಸೋಕೆ ಯಾರಿಗೂ ಬರಲ್ಲ, ಅಲ್ವಾ?"

"ಅದೇನೋ ನಿಜ. ಆದ್ರೆ ಅವರು ನಿಮ್ಮನ್ನೂ ಕೋಣದ ಪಕ್ಕದಲ್ಲೇ ಮಲಗಿಸ್ತಾರೆ."

"ಮಲಗಿಸ್ಲಿ."

ಗುರುಗಳು ಜೀವಮಾನದಲ್ಲಿ ಕೋಣದ ಹಗ್ಗ ಹಿಡಿದವರಲ್ಲ. ತಾಯಿ ದಿನಾ ಮೈ ತೊಳೆದು ಸಾಕಿದ ಕರಿ ಕೋಣ, ಅವಳ ಕೈ ಬಿಟ್ಟು ಬೇರೆ ಕೈ ಕಂಡಿರಲಿಲ್ಲ. ಗುರುಗಳು ಎಳೆದರೆ ಅದು ನಿಂತಿತು, ಬಿಟ್ಟರೆ ಹುಲ್ಲು ಮೇಯಲು ಹೊರಟಿತು. "ಬಾರಪ್ಪಾ, ದಯವಿಟ್ಟು ಬಾ" ಎಂದು ಬೇಡಿಕೊಂಡರು. ಕೆಸರಿನಲ್ಲಿ ಜಾರಿ ಬಿದ್ದರು, ಕನ್ನಡಕ ಹೋಯಿತು. ಕೊನೆಗೆ ಕೋಣವೇ ಅವರನ್ನು ಎಳೆದುಕೊಂಡು ಮನೆಯಂಗಳಕ್ಕೆ ಬಂತು, ಯಾಕೆಂದರೆ ಅಲ್ಲಿ ಲೆಬಾಂಗ್ ಎದ್ದು ನಿಂತಿದ್ದಳು. ಯಾರೂ ಕರೆಯದೆ ಅವಳು ಏಣಿ ಇಳಿದು ಬಂದದ್ದು ಹೇಗೋ ಗುರುಗಳಿಗೆ ತಿಳಿಯಲಿಲ್ಲ.

ಅವಳು ಕೋಣದ ಹಣೆ ಸವರಿದಳು. ಮಗನನ್ನು ನೋಡಿದಳು, ಟೋಡಿಂಗ್‌ನ ಕೈಯಲ್ಲಿದ್ದ ಕತ್ತಿಯನ್ನು ನೋಡಿದಳು. ಕಣಜದ ಕೆಳಗಿದ್ದ ಉದ್ದನೆಯ ಮರದ ಒರಳಿನ ಹತ್ತಿರ ಹೋಗಿ ಒನಕೆ ಎತ್ತಿಕೊಂಡಳು.

"ಹಗ್ಗ ಬಿಗಿಯಾಗಿ ಹಿಡ್ಕೊಳ್ಳಿ ಗುರುಗಳೇ. ಕಣ್ಣು ಮುಚ್ಕೊಳ್ಳಿ ಬೇಕಾದ್ರೆ" ಎಂದ ಟೋಡಿಂಗ್.

ಗುರುಗಳು ಮುಚ್ಚಿಕೊಳ್ಳಲಿಲ್ಲ. ಕನ್ನಡಕವಿಲ್ಲದ ಕಣ್ಣಿಗೆ ಹೇಗೂ ಸರಿಯಾಗಿ ಕಾಣುತ್ತಿರಲಿಲ್ಲ. ಬಿಸಿಯಾದದ್ದು ಅಂಗಿಯ ಮೇಲೆ ಚಿಮ್ಮಿತು, ಹಗ್ಗ ಕೈಯಲ್ಲಿ ಒಮ್ಮೆ ಜಗ್ಗಿ ಸಡಿಲವಾಯಿತು. ಅದೇ ಹೊತ್ತಿಗೆ ಖಾಲಿ ಒರಳಿನಲ್ಲಿ ಒನಕೆ ಬಿತ್ತು. ಮತ್ತೆ ಬಿತ್ತು. ಕಾರ್ಯ ಶುರುವಾಯಿತೆಂದು ಊರಿಗೆ ಸಾರುವ ಸದ್ದು ಅದು. ಮನೆ ಮನೆಯ ಕಿಟಕಿಗಳು ತೆರೆದುಕೊಂಡವು.

ಟೋಡಿಂಗ್ ಮತ್ತು ಗುರುಗಳು ಒಳಗೆ ಹೋಗಿ, ಕೈ ತೊಳೆದು, ಪೂರ್ವ ಪಶ್ಚಿಮವಾಗಿ ಮಲಗಿದ್ದ ಮಸ್ಸೋರಜ್ಜನ ಪೆಟ್ಟಿಗೆಯನ್ನು ಹಿಡಿದು ತಿರುಗಿಸಿ, ತಲೆ ದಕ್ಷಿಣಕ್ಕೆ ಮಾಡಿದರು. ಆ ಕ್ಷಣಕ್ಕೆ ಅವರು ಸತ್ತರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಲೆಬಾಂಗ್ ಒನಕೆ ಕೆಳಗೆ ಹಾಕಿ, ಪೆಟ್ಟಿಗೆಯ ಮೇಲೆ ಬಿದ್ದು, ಅತ್ತಳು. ಆ ಒಣಗಿದ ಮೈಯಲ್ಲಿ ಅಷ್ಟು ದನಿ ಎಲ್ಲಿತ್ತೋ. ಹೋಗಿಬಿಟ್ರಾ, ನನ್ನ ಬಿಟ್ಟು ಹೋಗಿಬಿಟ್ರಾ ಎಂದು ಅವಳು ಕೂಗಿದ್ದು ಕಣಿವೆಯ ಗದ್ದೆಗಳ ತನಕ ಕೇಳಿಸಿತು.

ಬಾರಾ ಚಿಕ್ಕಪ್ಪ ಲುಂಗಿ ಕಟ್ಟಿಕೊಳ್ಳುತ್ತಾ ಓಡಿ ಬಂದ. ಕೋಣ ನೋಡಿದ. ತಲೆ ತಲೆ ಚಚ್ಚಿಕೊಂಡ.

"ಅಯ್ಯೋ ಮನೆಹಾಳಾ! ಮಚ್ಚೆ ಕೋಣ ಬರೋದಿತ್ತು! ನನ್ನ ಮಕ್ಕಳು ಇನ್ನೂ ಹಡಗೇ ಹತ್ತಿಲ್ಲ! ದೇವರ ಮುಂದೆ ಆಮೆನ್ ಅಂದಿದ್ದೀಯ!"

"ನಿದ್ದೆಗಣ್ಣಲ್ಲಿ ಅಂದಿದ್ದು ಚಿಕ್ಕಪ್ಪ. ದೇವರಿಗೆ ಗೊತ್ತಿರುತ್ತೆ" ಎಂದರು ಗುರುಗಳು. ಮೈಯೆಲ್ಲ ರಕ್ತವಾಗಿದ್ದ ಅವರನ್ನು ಹೊಡೆಯಲು ಚಿಕ್ಕಪ್ಪನಿಗೂ ಕೈ ಬರಲಿಲ್ಲ.

ಮೂರು ರಾತ್ರಿಯ ಕಾರ್ಯ ಮಳೆಯಲ್ಲೇ ನಡೆಯಿತು. ದೂರದವರಿಗೆ ಸುದ್ದಿ ಮುಟ್ಟಲಿಲ್ಲ, ಹತ್ತಿರದವರು ಅರ್ಧಕ್ಕರ್ಧ ಮುನಿಸಿಕೊಂಡು ಬರಲಿಲ್ಲ. ಸತ್ತವರಿಗಾಗಿ ಸುತ್ತು ಕಟ್ಟಿ ಹಾಡುವವರು ಕಡಿಮೆಯಾಗಿ, ಅವರ ಸುತ್ತು ಅಂಗಳದ ಮೂಲೆಯಲ್ಲೇ ಮುಗಿದುಹೋಗುತ್ತಿತ್ತು. ಸಿಮೊನ್ ರಾಪಾ ಮಾತ್ರ ಒಳ್ಳೆಯ ಹಂದಿಯೊಂದನ್ನು ಹೊರಿಸಿಕೊಂಡು, ನಗುನಗುತ್ತಾ ಬಂದು ಗುರುಗಳ ಬೆನ್ನು ತಟ್ಟಿದ. ಮಾರ್ಥಾ ಬಂದು ಅಂಗಳವನ್ನೆಲ್ಲ ಒಂದು ಸುತ್ತು ಹಾಕಿ ನೋಡಿ, "ಈಗ ನಮ್ಮ ಕೆಳಗೂ ಒಬ್ಬರು ಸಿಕ್ಕಿದ್ರು ಬಿಡಿ" ಎಂದು ಸಂತೋಷದಿಂದ ಅಡುಗೆಗೆ ಕೈ ಹಾಕಿದಳು.

ಎರಡನೆಯ ದಿನ ಹೆನ್ರಿಕ್ ಹಸಿರು ಮಳೆಯಂಗಿ ತೊಟ್ಟ ಬಿಳಿ ಗಂಡ ಹೆಂಡಿರನ್ನು ಕರೆತಂದ. ಗುರುಗಳನ್ನು ಬದಿಗೆಳೆದು ಹಲ್ಲು ಕಡಿಯುತ್ತಾ, "ಕ್ಯಾಲೆಂಡರ್ ಪ್ರಿಂಟಾಗಿದೆ ಪಾಕ್ ಗುರು, ನನ್ನ ಕೆಲಸಕ್ಕೆ ಕುತ್ತು ತಂದ್ರಿ. ಇವರು ಕೇಳಿದ್ರೆ ಬಿಗ್ಗೆಸ್ಟ್ ಅನ್ನಿ, ನಿಮ್ಮ ದಮ್ಮಯ್ಯ" ಎಂದ. ಆ ಹೆಂಗಸು ಕ್ಯಾಮೆರಾ ಒರೆಸಿಕೊಳ್ಳುತ್ತಾ ಕೇಳಿಯೇ ಕೇಳಿದಳು. ಗುರುಗಳು ಅಂಗಿಯ ಗುಂಡಿ ಸರಿಪಡಿಸಿಕೊಂಡು, ಜೀವನದಲ್ಲಿ ಮೊದಲ ಬಾರಿಗೆ ನಿಜವಾದ ಬಿಳಿಯರೊಂದಿಗೆ, ತಪ್ಪಿಲ್ಲದೆ, "ನೋ ಮೇಡಂ. ದ ಸ್ಮಾಲೆಸ್ಟ್" ಎಂದರು. ಆಕೆಗೆ ಚೆನ್ನಾಗಿ ಅರ್ಥವಾಯಿತು. ಇಬ್ಬರೂ ಊಟಕ್ಕೂ ನಿಲ್ಲದೆ ಹೊರಟುಹೋದರು.

ನಾಲ್ಕನೆಯ ಬೆಳಿಗ್ಗೆ ಪೆಟ್ಟಿಗೆಯನ್ನು ಹೊತ್ತು ಬಂಡೆಯ ಬಳಿಗೆ ಹೋದರು. ಮಸ್ಸೋರ ಮನೆತನದವರನ್ನೆಲ್ಲ ಮಲಗಿಸುವ ಗೂಡನ್ನು ಬಂಡೆಯಲ್ಲಿ ಎತ್ತರಕ್ಕೆ ಕೊರೆದಿದ್ದಾರೆ. ಬಿದಿರಿನ ಏಣಿ ಹಾಕಿ, ಕೂಗಿ, ನೂಕಿ, ಜಾರಿ, ಕೊನೆಗೂ ಮೇಲಕ್ಕೆ ಸೇರಿಸಿದರು. ಲೆಬಾಂಗ್‌ಳನ್ನು ಕುರ್ಚಿಯಲ್ಲಿ ಹೊತ್ತು ತಂದು ಬಂಡೆಯ ಬುಡದಲ್ಲಿ ಕೂರಿಸಿದ್ದರು. ಕಪ್ಪು ಬಟ್ಟೆಯೊಳಗೆ ಅವಳು ಇದ್ದಾಳೋ ಇಲ್ಲವೋ ಎನ್ನುವಂತಿದ್ದಳು. ಅತ್ತು ಅತ್ತು ಮುಖ ಊದಿತ್ತು, ಆದರೆ ವರ್ಷದಿಂದ ಕಾಣದ ನಿರಾಳ ಅದರ ಮೇಲಿತ್ತು.

ಗುರುಗಳು ಏಣಿ ಇಳಿದು ಬಂದರು.

"ಸರಿಯಾಗಿ ಮಲಗಿಸಿದ್ರಾ?"

"ಮಲಗಿಸಿದ್ವಿ ಅಮ್ಮ."

"ಪಕ್ಕದಲ್ಲಿ ಜಾಗ ಇದೆಯಾ?"

ಗುರುಗಳು ಸುಳ್ಳು ಹೇಳಲು ಬಾಯಿ ತೆರೆದು, ಆಗದೆ, ಮತ್ತೆ ಏಣಿ ಹತ್ತಿದರು. ಗೂಡಿನೊಳಗೆ ತಲೆ ಹಾಕಿ ಕತ್ತಲಲ್ಲಿ ಕೈಯಾಡಿಸಿ, ಗೇಣು ಹಾಕಿ ಅಳೆದು, ಇಳಿದು ಬಂದರು.

"ಇದೆ ಅಮ್ಮ. ಸ್ವಲ್ಪ ಮಗ್ಗುಲಾಗಿ ಮಲ್ಕೋಬೇಕು."

"ನಾನು ಯಾವಾಗ್ಲೂ ಮಗ್ಗುಲಾಗೇ ಮಲಗೋದು. ಆ ಮನುಷ್ಯ ಜಾಗ ಎಲ್ಲಿ ಕೊಡ್ತಿದ್ರು?"

ಮೇಲೆ ಮರದ ಬಾಗಿಲು ಕೂರಿಸುವ ಸದ್ದು ಕೇಳಿಸಿತು. ಟೋಡಿಂಗ್ ಬಾಯಲ್ಲಿ ಮೊಳೆ ಕಚ್ಚಿಕೊಂಡು ಸುತ್ತಿಗೆ ಎತ್ತಿದ್ದ. ಲೆಬಾಂಗ್ ಮಗನ ತೋಳು ಹಿಡಿದೆಳೆದಳು.

"ಲೋ, ಗಟ್ಟಿಯಾಗಿ ಹೊಡೀಬೇಡ ಅಂತ ಹೇಳೋ ಅವನಿಗೆ. ಇನ್ನು ನಾಲ್ಕು ದಿನಕ್ಕೆ ತೆಗೀಬೇಕಲ್ಲ."

ಗುರುಗಳು ತಲೆಯೆತ್ತಿ ಕೂಗಿ ಹೇಳಿದರು. ಟೋಡಿಂಗ್ ಕೆಳಗೆ ನೋಡಿ, ಬಾಯಲ್ಲಿದ್ದ ಮೊಳೆಗಳನ್ನು ಜೇಬಿಗೆ ಹಾಕಿಕೊಂಡು, ಬಾಗಿಲನ್ನು ಸುಮ್ಮನೆ ಮುಂದೆ ಮಾಡಿ ಇಳಿದು ಬಂದ.